ಸರಕಿನ ಮೂಲವನ್ನು ವಿಚಾರಿಸಿದ ವರ್ತಕ: ಜಾರ್ಜ್ ಕ್ಯಾಡ್ಬರಿ

ಅಚೌರ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ವರ್ಜಿಸಬೇಕಾದ ಅತಿಚಾರಗಳು ಐದು ಎಂಬುದನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಪಾರಾಯಣ ಮಾಡುವ ಮನೆಗಳೆಲ್ಲವೂ ಬಲ್ಲವು. ಅವುಗಳಲ್ಲಿ ಎರಡು ವ್ಯಾಪಾರ ವೃತ್ತಿಯವರಿಗೆ ದಿನನಿತ್ಯವೂ ಎದುರಾಗತಕ್ಕವು. ಒಳ್ಳೆಯ ಪದಾರ್ಥದಲ್ಲಿ ಹೀನ ಪದಾರ್ಥವನ್ನು ಬೆರೆಸಿ ಮಾರುವುದು ಪ್ರತಿರೂಪಕವ್ಯವಹಾರ. ಕದ್ದು ತಂದುದನ್ನು ಕೊಳ್ಳುವುದು ತದಾಹೃತಾದಾನ. ಮೊದಲನೆಯದು ವರ್ತಕನ ಸ್ವಂತ ಕೈಯಿಂದ ನಡೆಯುವ ದೋಷ. ಅದನ್ನು ಬಿಡುವುದು ಅವನ ವಶದಲ್ಲಿಯೇ ಇದೆ. ಎರಡನೆಯದು ಬೇರೊಬ್ಬರ ಕೈಯಿಂದ ನಡೆದು ಸರಕಿನೊಡನೆ ಅಂಗಡಿಯ ಒಳಕ್ಕೆ ಬರುವಂಥದು. ಅದನ್ನು ಬಿಡಬೇಕಾದರೆ ಸರಕು ತಂದವನನ್ನು ವಿಚಾರಿಸಬೇಕು, ಅವನ ಮಾತನ್ನು ಪರೀಕ್ಷಿಸಬೇಕು, ಕೊನೆಗೆ ಬರತಕ್ಕ ಲಾಭವನ್ನು ತೊರೆಯಲೂ ಸಿದ್ಧನಾಗಿರಬೇಕು. ಈ ಎರಡು ದೋಷಗಳನ್ನೂ ಒಂದೇ ಜೀವಮಾನದಲ್ಲಿ ಎದುರಿಸಿದ ಅನ್ಯಮತೀಯ ವರ್ತಕರೊಬ್ಬರ ಚರಿತ್ರೆ ವ್ರತಧಾರಿಗಳ ಮನನಕ್ಕೆ ಯೋಗ್ಯವಾಗಿದೆ. ಅವರೇ ಇಂಗ್ಲೆಂಡಿನ ಜಾರ್ಜ್ ಕ್ಯಾಡ್ಬರಿ.

ಜಾರ್ಜ್ ಕ್ಯಾಡ್ಬರಿಯವರು 1839ನೆಯ ಇಸವಿ ಸೆಪ್ಟೆಂಬರ್ 19ರಂದು ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜನಿಸಿದರು. ತಂದೆ ಜಾನ್ ಕ್ಯಾಡ್ಬರಿ 1824ರಲ್ಲಿ ಆ ನಗರದ ಬುಲ್ ಬೀದಿಯಲ್ಲಿ ಚಹಾ, ಕಾಫಿ, ಕೋಕೋಗಳ ಅಂಗಡಿಯನ್ನು ತೆರೆದಿದ್ದರು. ಈ ಮನೆತನದವರು ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದವರು. ಯುದ್ಧವನ್ನು ನಿಷೇಧಿಸಿ, ಆಡಂಬರವನ್ನು ತ್ಯಜಿಸಿ, ಮೌನಪ್ರಾರ್ಥನೆಯಲ್ಲಿ ನಿಷ್ಠೆಯುಳ್ಳ ಪಂಥವದು. ಅಂದಿನ ಇಂಗ್ಲೆಂಡಿನ ಪ್ರಾಚೀನ ವಿಶ್ವವಿದ್ಯಾಲಯಗಳ ಬಾಗಿಲು ಇವರಿಗೆ ಬಹುಕಾಲ ಮುಚ್ಚಿದ್ದುದರಿಂದ ಇವರಲ್ಲಿ ಅನೇಕರು ವ್ಯಾಪಾರವನ್ನೇ ಆಶ್ರಯಿಸಿದರು. ಒಂದೇ ಬೆಲೆ, ಸರಿಯಾದ ತೂಕ, ಕೊಟ್ಟ ಮಾತಿಗೆ ತಪ್ಪದಿರುವಿಕೆ ಎಂಬ ಗುಣಗಳಿಂದ ಆ ಪಂಥದ ವರ್ತಕರು ದೇಶದಲ್ಲೆಲ್ಲ ವಿಶ್ವಾಸಕ್ಕೆ ಪಾತ್ರರಾಗಿದ್ದರು. ವಾಣಿಜ್ಯವೃತ್ತಿಯ ಶ್ರಾವಕ ಕುಲಗಳಿಗೆ ಈ ಸಂಪ್ರದಾಯ ಅಪರಿಚಿತವಲ್ಲ.

1855ರಲ್ಲಿ ತಾಯಿ ತೀರಿಕೊಂಡರು. ತಂದೆಯವರ ಆರೋಗ್ಯ ಕೆಟ್ಟಿತು, ವ್ಯಾಪಾರ ಕುಗ್ಗಿತು. 1861ರಲ್ಲಿ ಅಣ್ಣ ರಿಚರ್ಡ್ ಮತ್ತು ಜಾರ್ಜ್ ಇಬ್ಬರೂ ಕಾರ್ಖಾನೆಯ ಹೊಣೆಯನ್ನು ವಹಿಸಿಕೊಂಡಾಗ ಜಾರ್ಜರಿಗೆ ಇಪ್ಪತ್ತೊಂದು ವರ್ಷ. ಕೆಲಸಗಾರರ ಸಂಖ್ಯೆ ಹನ್ನೊಂದಕ್ಕೆ ಇಳಿದಿತ್ತು. ತಾಯಿಯಿಂದ ಬಂದ ಆಸ್ತಿಯನ್ನು ಸಹೋದರರು ವ್ಯಾಪಾರಕ್ಕೆ ಸುರಿದರು. ಜಾರ್ಜರು ತಮ್ಮ ಸ್ವಂತ ವೆಚ್ಚವನ್ನು ವರ್ಷಕ್ಕೆ ಸುಮಾರು 25 ಪೌಂಡುಗಳಿಗೆ ಮಿತಗೊಳಿಸಿಕೊಂಡು ಬೆಳಗಿನ ವೃತ್ತಪತ್ರಿಕೆಯನ್ನು ಕೊಳ್ಳುವುದನ್ನು ಕೂಡ ಬಿಟ್ಟರು. ಸಾಲಗಾರರನ್ನು ವಂಚಿಸಿ ಅಂಗಡಿಯನ್ನು ಮುಚ್ಚುವ ಆಲೋಚನೆ ಅವರಿಗೆ ಬರಲಿಲ್ಲ. ಭೋಗೋಪಭೋಗಗಳಿಗೆ ಪರಿಮಾಣವನ್ನು ಕಟ್ಟಿಕೊಂಡೇ ಅವರು ಆ ಕಷ್ಟಕಾಲವನ್ನು ದಾಟಿದರು.

ಅಂದಿನ ಕೋಕೋ ವ್ಯಾಪಾರದಲ್ಲಿ ಪ್ರತಿರೂಪಕವ್ಯವಹಾರವು ಸರ್ವಸಾಧಾರಣವಾಗಿತ್ತು. ಕೋಕೋ ಎಂಬುದು ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಉಪಬೆಳೆಯಾಗಿ ಬೆಳೆಯುವ ಮರದ ಬೀಜ. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಕ್ಯಾಂಪ್ಕೋ ಸಹಕಾರ ಸಂಸ್ಥೆಯು ಅದನ್ನು ರೈತರಿಂದ ಕೊಂಡು ಪುತ್ತೂರಿನಲ್ಲಿ 1986ರಿಂದ ಚಾಕಲೇಟನ್ನು ತಯಾರಿಸುತ್ತಿರುವುದು ವಾಚಕರಿಗೆ ತಿಳಿದ ವಿಷಯ. ಆ ಬೀಜದಲ್ಲಿ ಸಹಜವಾಗಿರುವ ಅಧಿಕ ಕೊಬ್ಬು ಪಾನೀಯದಲ್ಲಿ ತೇಲಬಾರದೆಂದು ಅಂದಿನ ತಯಾರಕರು ಆಲೂಗಡ್ಡೆಯ ಹಿಟ್ಟು, ಸಾಗುಹಿಟ್ಟು, ಕಾಕಂಬಿ ಮೊದಲಾದವನ್ನು ಬೆರೆಸುತ್ತಿದ್ದರು. ಕ್ಯಾಡ್ಬರಿ ಸಹೋದರರ ಸರಕೂ ಇದಕ್ಕೆ ಹೊರತಾಗಿರಲಿಲ್ಲ. ಅದರಲ್ಲಿ ಕೋಕೋ ಐದನೆಯ ಒಂದು ಭಾಗ ಮಾತ್ರ ಇರುತ್ತಿತ್ತು. ಹಾಲೆಂಡಿನ ವಾನ್ ಹೌಟನ್ ಎಂಬವರು ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರವನ್ನು ಉಪಯೋಗಿಸುತ್ತಿದ್ದ ಸಂಗತಿಯನ್ನರಿತ ಜಾರ್ಜರು ಅಲ್ಲಿಗೆ ಹೋಗಿ ಆ ಯಂತ್ರವನ್ನು ಕೊಂಡು ತಂದರು. 1866ರಲ್ಲಿ ಬೆರಕೆಯಿಲ್ಲದ ಕೋಕೋ ಪುಡಿಯು ಅವರ ಕಾರ್ಖಾನೆಯಿಂದ ಹೊರಬಂದಿತು. ಬೆರಕೆಯ ಸರಕುಗಳನ್ನು ಅವರು ಕ್ರಮೇಣ ತ್ಯಜಿಸಿದರು. ಆಹಾರದ ಕಲಬೆರಕೆಯನ್ನು ತಡೆಯುವ ಶಾಸನಗಳು ಬ್ರಿಟನ್ನಿನಲ್ಲಿ 1872 ಮತ್ತು 1875ರಲ್ಲಿ ಜಾರಿಗೆ ಬಂದಾಗ ಶುದ್ಧ ಸರಕು ಮಾರುವವರಿಗೆ ಶಾಸನವೂ ಒತ್ತಾಸೆಯಾಯಿತು. ಶುದ್ಧತೆಯೇ ಈ ಮನೆತನದ ಏಳಿಗೆಗೆ ಕಾರಣವಾಯಿತು.

ಸಂಪತ್ತು ಬಂದಾಗ ಜಾರ್ಜರು ಅದನ್ನು ತಮಗಾಗಿ ಶೇಖರಿಸಲಿಲ್ಲ. ದುಡಿಯುವ ವಯಸ್ಕರಿಗೆ ಭಾನುವಾರ ಮುಂಜಾನೆ ಓದುಬರಹ ಕಲಿಸುವ ಶಾಲೆಯಲ್ಲಿ ತಾರುಣ್ಯದಲ್ಲಿ ಆರಂಭಿಸಿದ ಪಾಠವನ್ನು ಮುಪ್ಪಿನವರೆಗೂ ನಡೆಸಿಕೊಂಡು ಬಂದರು. ಆ ಶಿಷ್ಯರ ಕೊಳಕು ಗಲ್ಲಿಗಳ ಮನೆಗಳನ್ನು ಕಣ್ಣಾರೆ ಕಂಡುದರಿಂದಲೇ ಕಾರ್ಖಾನೆಯನ್ನು ನಗರದಿಂದ ಹೊರಕ್ಕೆ ಒಯ್ಯುವ ಸಂಕಲ್ಪ ಹುಟ್ಟಿತು. 1879ರಲ್ಲಿ ನಗರದ ನೈಋತ್ಯಕ್ಕೆ ನಾಲ್ಕು ಮೈಲಿ ದೂರದಲ್ಲಿ ಬೋರ್ನ್‌ವಿಲ್ ಎಂಬಲ್ಲಿ ತೋಟ, ಆಟದ ಬಯಲುಗಳ ನಡುವೆ ಹೊಸ ಕಾರ್ಖಾನೆ ಏರ್ಪಟ್ಟಿತು. 1895ರಿಂದ ಅದರ ಸುತ್ತ ಪ್ರತಿ ಮನೆಗೂ ಹಿತ್ತಿಲಿರುವಂತಹ ಊರನ್ನು ಕಟ್ಟಿಸತೊಡಗಿದರು. 1900ನೆಯ ಇಸವಿ ಡಿಸೆಂಬರಿನಲ್ಲಿ 330 ಎಕರೆ ಭೂಮಿಯನ್ನೂ 313 ಮನೆಗಳನ್ನೂ ಒಂದು ಧರ್ಮಸಂಸ್ಥೆಗೆ ಶಾಶ್ವತವಾಗಿ ಬಿಟ್ಟುಕೊಟ್ಟರು. ಆ ಊರಿನಲ್ಲಿ ಮದ್ಯದಂಗಡಿಗೆ ಅವಕಾಶವಿರಲಿಲ್ಲ. 1899ರಲ್ಲಿ ರಿಚರ್ಡರು ದಿವಂಗತರಾದ ಮೇಲೆ ಕಂಪನಿಯ ಅಧ್ಯಕ್ಷತೆ ಜಾರ್ಜರ ಪಾಲಿಗೆ ಬಂದಿತು. ರಿಚರ್ಡರ ಮಗ ವಿಲಿಯಂ ಕ್ಯಾಡ್ಬರಿಯವರು ಕೋಕೋ ಬೀಜದ ಖರೀದಿಯ ಮೇಲ್ವಿಚಾರಣೆಯನ್ನು ನೋಡಿಕೊಳ್ಳುತ್ತಿದ್ದರು.

ಹೀಗೆ ತಮ್ಮ ಕಾರ್ಖಾನೆಯ ಗೋಡೆಯೊಳಗೆ ಯಾರಿಗೂ ನೋವಾಗದಂತೆ ನಡೆದುಕೊಂಡ ಮಹನೀಯರಿಗೆ ಪರೀಕ್ಷೆ ಬಂದದ್ದು ಗೋಡೆಯ ಹೊರಗಿನಿಂದ. ಅವರು ಕೊಳ್ಳುತ್ತಿದ್ದ ಕೋಕೋ ಬೀಜದಲ್ಲಿ ಸರಿಸುಮಾರು ಅರ್ಧದಷ್ಟು ಆಫ್ರಿಕದ ಪಶ್ಚಿಮಕ್ಕಿರುವ ಸಾವೊ ತೋಮೆ ಮತ್ತು ಪ್ರಿನ್ಸಿಪೆ ಎಂಬ ಪೋರ್ಚುಗೀಸ್ ದ್ವೀಪಗಳಿಂದ ಬರುತ್ತಿತ್ತು. 1901ರಲ್ಲಿ ವಿಲಿಯಂ ಅವರು ಟ್ರಿನಿಡಾಡಿನಲ್ಲಿದ್ದಾಗ ಆ ದ್ವೀಪಗಳಲ್ಲಿ ಗುಲಾಮರಿಂದ ಬೇಸಾಯ ಮಾಡಿಸುತ್ತಾರೆಂಬ ವದಂತಿ ಅವರ ಕಿವಿಗೆ ಬಿತ್ತು. ಅದೇ ವರ್ಷ ಸಾವೊ ತೋಮೆಯ ತೋಟವೊಂದರ ಮಾರಾಟದ ಪ್ರಕಟಣೆ ಅವರ ಕೈಗೆ ಬಂದಿತು. ಅದರಲ್ಲಿ ಭೂಮಿ, ಕಟ್ಟಡ, ದನಕರುಗಳೊಡನೆ ಕೂಲಿಯಾಳುಗಳನ್ನೂ ಆಸ್ತಿಯೆಂದು ಎಣಿಸಿ ಬೆಲೆ ಕಟ್ಟಲಾಗಿತ್ತು. ಮನುಷ್ಯನು ಪಟ್ಟಿಯಲ್ಲಿ ಸರಕಾಗಿ ಬಂದ ಮೇಲೆ ವದಂತಿ ಎಂದು ಅದನ್ನು ತಳ್ಳಿಹಾಕುವ ದಾರಿಯಿರಲಿಲ್ಲ.

ಪೋರ್ಚುಗಲ್ ದೇಶವು ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಕಾಯಿದೆಯ ಮೂಲಕ ರದ್ದುಪಡಿಸಿತ್ತು. ದ್ವೀಪದ ಕೂಲಿಯವರು ಐದು ವರ್ಷಗಳ ಕರಾರಿಗೆ ಸ್ವಇಚ್ಛೆಯಿಂದ ಬಂದವರೆಂದು ಕಾಗದಪತ್ರಗಳಲ್ಲಿ ಬರೆದಿರುತ್ತಿತ್ತು. ವಾಸ್ತವದಲ್ಲಿ ಅಂಗೋಲಾದ ಒಳನಾಡಿನಲ್ಲಿ ಅವರನ್ನು ಹಿಡಿದು, ಮರದ ಕೋಳ ತೊಡಿಸಿ, ನೂರಾರು ಮೈಲಿ ನಡೆಸಿಕೊಂಡು ಕಡಲ ತೀರಕ್ಕೆ ತಂದು ಹಡಗೇರಿಸುತ್ತಿದ್ದರು. ಹೋದವರು ಹಿಂತಿರುಗಿ ಬರುತ್ತಿರಲಿಲ್ಲ. ಬಂಧಿಸುವುದು, ಹೊಡೆಯುವುದು, ಮಿತಿಮೀರಿ ಹೊರೆ ಹೊರಿಸುವುದು ಎಂದು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಪಶುಗಳ ವಿಷಯದಲ್ಲಿಯೂ ನಿಷೇಧಿಸಿದ ಕ್ರೌರ್ಯಗಳು ಅಲ್ಲಿ ಮಾನವರ ಮೇಲೆಯೇ ನಡೆಯುತ್ತಿದ್ದವು. ಅಪಹರಿಸಲ್ಪಟ್ಟದ್ದು ಮನುಷ್ಯನ ದೇಹ, ಅವನ ದುಡಿಮೆ, ಅವನ ಆಯುಷ್ಯ. ಆ ದುಡಿಮೆಯ ಫಲವೇ ಬೋರ್ನ್‌ವಿಲ್ಲಿನ ಉಗ್ರಾಣಕ್ಕೆ ಬರುತ್ತಿದ್ದ ಮೂಟೆ.

ಕಂಪನಿಯ ಮುಂದೆ ಎರಡು ಮಾರ್ಗಗಳಿದ್ದವು. ತಕ್ಷಣ ಖರೀದಿಯನ್ನು ನಿಲ್ಲಿಸುವುದು ಒಂದು. ದೊಡ್ಡ ಗ್ರಾಹಕರೆಂಬ ಪ್ರಭಾವವನ್ನು ಇಟ್ಟುಕೊಂಡು ತೋಟದ ಒಡೆಯರನ್ನು ತಿದ್ದುವುದು ಇನ್ನೊಂದು. ಖರೀದಿಯನ್ನು ನಿಲ್ಲಿಸಿದರೆ ಅದೇ ಸರಕನ್ನು ಬೇರೆಯವರು ಕೊಳ್ಳುವರು, ಕೂಲಿಯವರ ದುಃಖ ಇದ್ದಂತೆಯೇ ಉಳಿಯುವುದು ಎಂದು ಭಾವಿಸಿ ಅವರು ಎರಡನೆಯ ಮಾರ್ಗವನ್ನು ಹಿಡಿದರು. 1903ರಲ್ಲಿ ವಿಲಿಯಂ ಅವರು ಲಿಸ್ಬನ್ ನಗರಕ್ಕೆ ಹೋಗಿ ತೋಟದ ಒಡೆಯರನ್ನು ಕಂಡರು. ಒಡೆಯರು ಆರೋಪವನ್ನು ಅಲ್ಲಗಳೆದು, ಹೊಸ ಕಾಯಿದೆಯೊಂದು ಬಂದಿದೆಯೆಂದೂ ಬೇಕಾದರೆ ಯಾರನ್ನಾದರೂ ಕಳುಹಿಸಿ ನೋಡಬಹುದೆಂದೂ ತಿಳಿಸಿದರು. ಕಂಪನಿಯು ಜೋಸೆಫ್ ಬರ್ಟ್ ಎಂಬವರನ್ನು ಈ ಕಾರ್ಯಕ್ಕೆ ನೇಮಿಸಿತು. ಅವರು ಮೊದಲು ಪೋರ್ಚುಗೀಸ್ ಭಾಷೆಯನ್ನು ಕಲಿತು, 1905ರ ಜೂನ್ ತಿಂಗಳಲ್ಲಿ ಹೊರಟು, ದ್ವೀಪಗಳನ್ನೂ ಅಂಗೋಲಾವನ್ನೂ ಸುತ್ತಿ 1907ರಲ್ಲಿ ಹಿಂತಿರುಗಿದರು. ಅಷ್ಟರಲ್ಲಿ ಹೆನ್ರಿ ನೆವಿನ್‌ಸನ್ ಎಂಬ ಪತ್ರಕರ್ತರು ಅದೇ ದಾರಿಯಲ್ಲಿ ಸಂಚರಿಸಿ, ಅಲ್ಲಿರುವುದು ಗುಲಾಮಗಿರಿಯೇ ಎಂಬುದನ್ನು ತಮ್ಮ ಗ್ರಂಥದ ಮೂಲಕ 1906ರಲ್ಲಿಯೇ ಲೋಕಕ್ಕೆ ತಿಳಿಸಿದ್ದರು. ಬರ್ಟ್ ಅವರ ವರದಿಯೂ ಅದನ್ನೇ ಸ್ಥಿರಪಡಿಸಿತು.

ಆದರೂ ವಿಳಂಬ ಮುಂದುವರಿಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಿಗೆ ಪೋರ್ಚುಗೀಸರ ಅಧೀನದಲ್ಲಿದ್ದ ಮೊಜಾಂಬಿಕ್‌ನಿಂದ ಕೂಲಿಯವರು ಬೇಕಾಗಿದ್ದುದರಿಂದ ಬ್ರಿಟಿಷ್ ಸರಕಾರಕ್ಕೆ ಪೋರ್ಚುಗಲ್ಲಿನ ಮನಸ್ಸನ್ನು ನೋಯಿಸುವ ಇಚ್ಛೆಯಿರಲಿಲ್ಲ. ವಿದೇಶಾಂಗ ಇಲಾಖೆಯು ತಾಳ್ಮೆಯನ್ನು ಬೋಧಿಸಿತು. 1907ರ ಕೊನೆಯಲ್ಲಿ ವಿಲಿಯಂ ಅವರು ಮತ್ತೆ ಲಿಸ್ಬನ್ನಿಗೆ ಹೋಗಿ ವರದಿಯನ್ನು ಒಡೆಯರ ಮುಂದಿಟ್ಟರು. ಸುಧಾರಣೆಯ ಭರವಸೆ ದೊರೆಯಿತು. ವರ್ಷ ಕಳೆದರೂ ಭರವಸೆಯು ಭರವಸೆಯಾಗಿಯೇ ಉಳಿಯಿತು. ಮೂಟೆಗಳು ಮಾತ್ರ ಬರುತ್ತಲೇ ಇದ್ದವು.

ಇದೇ ವರ್ಷಗಳಲ್ಲಿ ಜಾರ್ಜರು ಬೇರೆಡೆಯ ಶೋಷಣೆಯ ವಿರುದ್ಧ ಹೋರಾಡುತ್ತಿದ್ದರು ಎಂಬುದನ್ನು ಮರೆಯಬಾರದು. ಅವರ ಒಡೆತನಕ್ಕೆ 1901ರಲ್ಲಿ ಬಂದ ಡೈಲಿ ನ್ಯೂಸ್ ಪತ್ರಿಕೆಯು ದಕ್ಷಿಣ ಆಫ್ರಿಕದ ಗಣಿಗಳಲ್ಲಿ ಚೀನೀ ಕರಾರು ಕೂಲಿಗಳನ್ನು ದುಡಿಸಿಕೊಳ್ಳುವುದನ್ನು ಉಗ್ರವಾಗಿ ಖಂಡಿಸಿತು. 1906ರಲ್ಲಿ ಆ ಪತ್ರಿಕೆಯ ಆಶ್ರಯದಲ್ಲಿ ಲಂಡನ್ನಿನಲ್ಲಿ ಒಂದು ಪ್ರದರ್ಶನ ನಡೆಯಿತು. ಬಡ ಸ್ತ್ರೀಯರು ಮನೆಗಳಲ್ಲಿ ಅಲ್ಪ ಕೂಲಿಗೆ ತಯಾರಿಸುವ ಸರಕುಗಳನ್ನೂ ಅವರಿಗೆ ಸಿಗುವ ಕೂಲಿಯ ವಿವರವನ್ನೂ ಅಲ್ಲಿ ಜನರ ಕಣ್ಮುಂದೆ ಇರಿಸಿದರು. ಅಗ್ಗದ ಸರಕಿನ ಹಿಂದೆ ಅಡಗಿರುವ ಪರಪೀಡೆಯನ್ನು ಕೊಳ್ಳುವವನಿಗೆ ತೋರಿಸಬೇಕೆಂಬುದೇ ಅದರ ಉದ್ದೇಶವಾಗಿತ್ತು. ಕನಿಷ್ಠ ಕೂಲಿಯನ್ನು ಗೊತ್ತುಪಡಿಸುವ ಮಂಡಳಿಗಳ ಶಾಸನ 1909ರಲ್ಲಿ ಬರಲು ಈ ಚಳವಳಿಯು ಸಹಾಯಕವಾಯಿತು. ಪರರ ಅಂಗಡಿಯ ಸರಕಿನ ಮೂಲವನ್ನು ಹೀಗೆ ಬಯಲು ಮಾಡುತ್ತಿದ್ದವರ ಸ್ವಂತ ಸರಕಿನ ಮೂಲದಲ್ಲಿ ಕೋಳದ ಗುರುತಿದ್ದಿತು. ವಿರೋಧ ಪಕ್ಷದವರು ಇದನ್ನು ಗಮನಿಸದಿರಲು ಸಾಧ್ಯವೇ?

1908ರ ಸೆಪ್ಟೆಂಬರ್ 26ರಂದು ಸ್ಟ್ಯಾಂಡರ್ಡ್ ಎಂಬ ಪತ್ರಿಕೆಯು ಸಂಪಾದಕೀಯದಲ್ಲಿ ಕ್ಯಾಡ್ಬರಿಯವರನ್ನು ಕಪಟಿಗಳೆಂಬ ಅರ್ಥ ಬರುವಂತೆ ಚುಚ್ಚಿ ಬರೆಯಿತು. ಕಂಪನಿಯು ಮಾನನಷ್ಟದ ದಾವೆಯನ್ನು ಹೂಡಿತು. ಅದೇ ಶರತ್ಕಾಲದಲ್ಲಿ ವಿಲಿಯಂ ಮತ್ತು ಬರ್ಟ್ ಇಬ್ಬರೂ ಹಡಗೇರಿ ಸಾವೊ ತೋಮೆಗೂ ಅಂಗೋಲಾಕ್ಕೂ ಹೋಗಿ ಪ್ರತ್ಯಕ್ಷವಾಗಿ ನೋಡಿದರು. ಕೊಟ್ಟ ಭರವಸೆಗಳು ನೆರವೇರಿರಲಿಲ್ಲ. ಅವರು ಹಿಂತಿರುಗಿದೊಡನೆ, 1909ರ ಮಾರ್ಚ್ ತಿಂಗಳಲ್ಲಿ, ಆ ದ್ವೀಪಗಳ ಕೋಕೋವನ್ನು ಇನ್ನು ಮುಂದೆ ಕೊಳ್ಳುವುದಿಲ್ಲವೆಂದು ಕ್ಯಾಡ್ಬರಿ ಕಂಪನಿಯು ಪ್ರಕಟಿಸಿತು. ಬ್ರಿಸ್ಟಲ್ ನಗರದ ಫ್ರೈ, ಯಾರ್ಕ್ ನಗರದ ರೌಂಟ್ರಿ ಎಂಬ ಇತರ ಕ್ವೇಕರ್ ಸಂಸ್ಥೆಗಳೂ ಅದೇ ನಿರ್ಧಾರವನ್ನು ಕೈಗೊಂಡವು. ಜರ್ಮನಿಯ ಸ್ಟೋಲ್‌ವೆರ್ಕ್ ಕಂಪನಿಯೂ ಅವರೊಡನೆ ಸೇರಿತು.

ದಾವೆಯ ವಿಚಾರಣೆ 1909ರ ನವೆಂಬರ್ 29ರಿಂದ ಡಿಸೆಂಬರ್ 6ರವರೆಗೆ ಬರ್ಮಿಂಗ್‌ಹ್ಯಾಮ್ ನ್ಯಾಯಾಲಯದಲ್ಲಿ ನಡೆಯಿತು. ಪತ್ರಿಕೆಯ ಪರವಾಗಿ ನಿಂತ ಎಡ್ವರ್ಡ್ ಕಾರ್ಸನ್ ಅವರು ಅಂದಿನ ನ್ಯಾಯವಾದಿಗಳಲ್ಲಿ ಅಗ್ರಗಣ್ಯರು. ಗುಲಾಮಗಿರಿಯ ಸಂಗತಿಯು ತಿಳಿದ ಮೇಲೂ ಎಂಟು ವರ್ಷ ಕೋಕೋವನ್ನು ಕೊಂಡದ್ದು ನಿಜವೇ ಎಂದು ಅವರು ವಿಲಿಯಂ ಅವರನ್ನು ಪ್ರಶ್ನಿಸಿದರು. ಆ ಅವಧಿಯಲ್ಲಿ ಈ ಕೋಕೋಗಾಗಿ ಎಷ್ಟು ಜನ ಗುಲಾಮರು ಪ್ರಾಣ ಬಿಟ್ಟರೆಂಬ ಲೆಕ್ಕವನ್ನು ಎಂದಾದರೂ ಹಾಕಿದ್ದುಂಟೇ ಎಂದು ಕೇಳಿದರು. ಹಾಕಿಲ್ಲವೆಂದು ಒಪ್ಪಿಕೊಳ್ಳದೆ ವಿಲಿಯಂ ಅವರಿಗೆ ಗತ್ಯಂತರವಿರಲಿಲ್ಲ. ಪಂಚರು ತೀರ್ಪನ್ನು ಕ್ಯಾಡ್ಬರಿಯವರ ಪರವಾಗಿಯೇ ಕೊಟ್ಟರು. ಆದರೆ ಅವರ ಮಾನಕ್ಕೆ ಕಟ್ಟಿಕೊಟ್ಟ ಪರಿಹಾರ ಒಂದು ಫಾರ್ದಿಂಗ್. ಅದು ಕಾಲು ಪೆನ್ನಿ. ಪೌಂಡಿನ 960ನೆಯ ಒಂದು ಅಂಶ. ಕಾಯಿದೆಯ ದೃಷ್ಟಿಯಿಂದ ಗೆದ್ದರು. ಕಳೆದುಹೋದ ವರ್ಷಗಳಿಗಾಗಿ ಲೋಕವು ಕಟ್ಟಿದ ಬೆಲೆ ಆ ಚಿಕ್ಕ ನಾಣ್ಯದಲ್ಲಿ ಕಾಣಿಸಿತು.

ಈ ತೀರ್ಪನ್ನು ವ್ರತಶಾಸ್ತ್ರದ ಬೆಳಕಿನಲ್ಲಿ ವಿಮರ್ಶಿಸಬಹುದು. ಪಾಪವು ಕೃತ, ಕಾರಿತ, ಅನುಮೋದನ ಎಂದು ಮೂರು ಬಗೆ. ಕ್ಯಾಡ್ಬರಿಯವರು ಯಾರನ್ನೂ ಬಂಧಿಸಲಿಲ್ಲ, ಬಂಧಿಸಲು ಯಾರಿಗೂ ಹೇಳಲಿಲ್ಲ, ಬಂಧನವನ್ನು ಮನಸಾರೆ ಮೆಚ್ಚಲೂ ಇಲ್ಲ. ಅದನ್ನು ತಪ್ಪಿಸಲು ಹಣವನ್ನೂ ಶ್ರಮವನ್ನೂ ವ್ಯಯ ಮಾಡಿದರು. ಆದುದರಿಂದ ಅವರನ್ನು ಕಪಟಿಗಳೆನ್ನುವುದು ಅನ್ಯಾಯ. ಆದರೂ ಕೊಂಡವನು ಕೊಟ್ಟ ಹಣವು ಬಂಧಿಸಿದವನ ಕೈಸೇರಿ ಮುಂದಿನ ಬಂಧನಕ್ಕೆ ಬಂಡವಾಳವಾಯಿತು. ತಿಳಿಯುವುದಕ್ಕೆ ಮುಂಚಿನ ಖರೀದಿಯು ಅಜ್ಞಾನದಿಂದಾದದ್ದು. ತಿಳಿದ ಅನಂತರದ ಖರೀದಿಗೆ ಸದುದ್ದೇಶವು ಜೊತೆಗಿದ್ದರೂ ದೋಷವು ತಪ್ಪದು. ವಿಚಾರಣೆಗೆ ಬೇಕಾಗುವಷ್ಟು ಕಾಲ ನ್ಯಾಯವಾದದ್ದು. 1907ರಲ್ಲಿ ವರದಿ ಕೈಸೇರಿದ ಬಳಿಕದ ಕಾಲಕ್ಕೆ ಆ ಸಮಾಧಾನ ಸಲ್ಲುವುದಿಲ್ಲ. ವ್ರತವು ಪೂರ್ಣವಾಗಿ ಮುರಿದರೆ ಅನಾಚಾರ. ಅಂಶತಃ ಕುಂದಿದರೆ ಅತಿಚಾರ. ಇಲ್ಲಿ ನಡೆದದ್ದು ಅತಿಚಾರ. ಅತಿಚಾರವನ್ನು ಕಂಡುಕೊಂಡು ಸರಿಪಡಿಸಿದವನ ವ್ರತ ಮತ್ತೆ ನಿರ್ಮಲವಾಗುವುದೆಂಬುದೂ ಶಾಸ್ತ್ರದ ಆಶ್ವಾಸನೆ.

ತ್ಯಾಗದ ಪರಿಣಾಮವೂ ಕಾಣದೆ ಹೋಗಲಿಲ್ಲ. 1909ರಲ್ಲಿಯೇ ಪೋರ್ಚುಗಲ್ ಸರಕಾರವು ಅಂಗೋಲಾದಿಂದ ಕೂಲಿಯವರನ್ನು ಒಯ್ಯುವುದನ್ನು ಕೆಲಕಾಲ ತಡೆಹಿಡಿಯಿತು. ಮುಂದಿನ ವರ್ಷಗಳಲ್ಲಿ, ಹಿಂದೆ ಮರಳುವ ದಾರಿಯೇ ಇಲ್ಲದಿದ್ದ ಕೂಲಿಯವರಲ್ಲಿ ಅನೇಕರು ತಾಯ್ನಾಡಿಗೆ ಮರಳತೊಡಗಿದರು. ಕಂಪನಿಯು ತನ್ನ ಅಗತ್ಯಕ್ಕಾಗಿ ಇಂದು ಘಾನಾ ಎನ್ನಿಸಿಕೊಂಡಿರುವ ಗೋಲ್ಡ್ ಕೋಸ್ಟ್ ಸೀಮೆಯ ಕಡೆಗೆ ತಿರುಗಿತು. ಅಲ್ಲಿ ಸಣ್ಣ ಹಿಡುವಳಿಯ ಆಫ್ರಿಕನ್ ರೈತರು ತಮ್ಮ ನೆಲದಲ್ಲಿ ಕೋಕೋ ಬೆಳೆಯುತ್ತಿದ್ದರು. 1911ರ ವೇಳೆಗೆ ಆ ಸೀಮೆಯು ಕೋಕೋ ಉತ್ಪಾದನೆಯಲ್ಲಿ ಜಗತ್ತಿನಲ್ಲಿಯೇ ಮೊದಲನೆಯದಾಯಿತು. ಮುಕ್ತಮನುಷ್ಯನ ಸರಕನ್ನು ಕೊಂಡರೆ ಉದ್ಯಮವು ಮುಳುಗುವುದೆಂಬ ಭಯಕ್ಕೆ ಆಧಾರವಿಲ್ಲವೆಂದು ಇದರಿಂದ ಸಿದ್ಧವಾಯಿತು. ಜಾರ್ಜ್ ಕ್ಯಾಡ್ಬರಿಯವರು ತಮ್ಮ ಎಂಬತ್ತಮೂರನೆಯ ವಯಸ್ಸಿನಲ್ಲಿ, 1922ರ ಅಕ್ಟೋಬರ್ 24ರಂದು ದೇಹತ್ಯಾಗ ಮಾಡಿದರು. ವಿಲಿಯಂ ಅವರು ಬರ್ಮಿಂಗ್‌ಹ್ಯಾಮ್ ನಗರದ ಲಾರ್ಡ್ ಮೇಯರ್ ಪದವಿಯನ್ನು ಅಲಂಕರಿಸಿ 1957ರವರೆಗೆ ಬಾಳಿದರು. ಆ ಮನೆತನದ ಹೆಸರನ್ನು ಹೊತ್ತ ಕಂಪನಿಯು 2010ರಲ್ಲಿ ಅಮೆರಿಕದ ಸಂಸ್ಥೆಯೊಂದರ ಪಾಲಾಯಿತು.

ಸರಕಿನ ಮೂಲದ ಪ್ರಶ್ನೆ ಮಾತ್ರ ಅವರೊಡನೆ ಮುಗಿಯಲಿಲ್ಲ. ಪಶ್ಚಿಮ ಆಫ್ರಿಕದ ಕೋಕೋ ತೋಟಗಳಲ್ಲಿ ಎಳೆಯ ಮಕ್ಕಳು ಅಪಾಯಕರ ಕೆಲಸಗಳಲ್ಲಿ ತೊಡಗಿರುವುದು ಬಯಲಾದಾಗ 2001ರಲ್ಲಿ ಚಾಕಲೇಟ್ ತಯಾರಕರು ಅದನ್ನು ನಿವಾರಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಘಾನಾ ಮತ್ತು ಐವರಿ ಕೋಸ್ಟ್ ದೇಶಗಳಲ್ಲಿ ಕೋಕೋ ಬೇಸಾಯದಲ್ಲಿ ದುಡಿಯುವ ಮಕ್ಕಳ ಸಂಖ್ಯೆ ಸುಮಾರು 15 ಲಕ್ಷದ 60 ಸಾವಿರ ಎಂದು ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯು 2020ರಲ್ಲಿ ಅಂದಾಜು ಮಾಡಿತು. ಈಗ ದೊಡ್ಡ ಕಂಪನಿಗಳು ತಮಗೆ ಸರಕು ಒದಗಿಸುವವರಿಂದ ನೀತಿನಿಯಮಗಳ ಪತ್ರಕ್ಕೆ ಸಹಿ ಪಡೆಯುವುದು ರೂಢಿಯಾಗಿದೆ: ಬಲಾತ್ಕಾರದ ದುಡಿಮೆ ಇರಕೂಡದು, ಮಕ್ಕಳನ್ನು ದುಡಿಸಕೂಡದು, ನ್ಯಾಯವಾದ ಕೂಲಿ ಕೊಡಬೇಕು, ಲಂಚ ಕೂಡದು ಎಂದು ಅದರಲ್ಲಿ ಬರೆದಿರುತ್ತದೆ. ಸಾವೊ ತೋಮೆಯ ಐದು ವರ್ಷದ ಕರಾರು ಕೂಡ ಕಾಗದದ ಮೇಲೆ ನಿರ್ದೋಷವಾಗಿಯೇ ಇದ್ದಿತು ಎಂಬುದನ್ನು ನೆನೆದರೆ, ಪತ್ರವನ್ನು ಪಡೆದವನ ಹೊಣೆ ಅಲ್ಲಿಗೆ ತೀರುವುದಿಲ್ಲವೆಂಬುದು ವಿದಿತವಾಗುತ್ತದೆ. ಹೋಗಿ ನೋಡಬೇಕು, ನೋಡಿದ್ದು ಸರಿಯಿಲ್ಲದಿದ್ದರೆ ತಿದ್ದಲು ಗಡುವು ಕೊಡಬೇಕು, ಗಡುವು ಮೀರಿದರೆ ಬಿಡಬೇಕು. ಕ್ಯಾಡ್ಬರಿಯವರು ಮೊದಲನೆಯದನ್ನು ಶ್ರದ್ಧೆಯಿಂದ ಮಾಡಿದರು, ಎರಡನೆಯದರಲ್ಲಿ ಎಡವಿದರು, ಮೂರನೆಯದನ್ನು ತಡವಾಗಿಯಾದರೂ ನೆರವೇರಿಸಿದರು.

ಶ್ರಾವಕರ ಮನೆಗಳಲ್ಲಿ ನೀರನ್ನು ಸೋಸದೆ ಕುಡಿಯುವುದಿಲ್ಲ. ಕಣ್ಣಿಗೆ ಕಾಣದ ಜೀವಿಗೂ ನೋವಾಗಬಾರದೆಂದು ಬಟ್ಟೆಯನ್ನು ಎರಡು ಮಡಿಕೆ ಮಾಡುವ ಗೃಹಿಣಿಯ ಎಚ್ಚರವು, ಅದೇ ಮನೆಯ ಯಜಮಾನನು ಪೇಟೆಯಲ್ಲಿ ಸರಕು ಹಿಡಿಯುವಾಗಲೂ ಇರಬೇಡವೇ? ಬಟ್ಟೆಯನ್ನು ನೇಯ್ದವರಾರು, ಆಭರಣದ ಕಲ್ಲನ್ನು ಅರೆದವರು ಬಾಲಕರೋ ದೊಡ್ಡವರೋ, ಧಾನ್ಯವನ್ನು ಬೆಳೆದವನಿಗೆ ಸಲ್ಲಬೇಕಾದ ಹಣ ಸಂದಿದೆಯೋ ಎಂದು ವಿಚಾರಿಸುವುದೂ ಒಂದು ಬಗೆಯ ಸೋಸುವಿಕೆಯೇ. ದಶಲಕ್ಷಣ ಪರ್ವದಲ್ಲಿ ಉಪವಾಸ, ಏಕಾಶನಗಳ ನಿಯಮವನ್ನು ಹಿಡಿಯುವವರು ಅದರೊಡನೆ, ಮೂಲವನ್ನು ವಿಚಾರಿಸದೆ ಸರಕನ್ನು ಕೊಳ್ಳುವುದಿಲ್ಲವೆಂಬ ನಿಯಮವನ್ನೂ ಒಂದು ವರ್ಷದ ಮಟ್ಟಿಗಾದರೂ ಹಿಡಿಯಬಹುದು. ದೋಷವು ತಿಳಿದ ದಿನವೇ ತ್ಯಾಗದ ದಿನವಾದರೆ, ಆ ಮನೆಯ ಉಪವಾಸವೂ ಪಾರಣೆಯೂ ಸಮಾನವಾಗಿ ಶುದ್ಧವಾಗುವುವು.